ನೀರುಗಂಟಿ ಮತ್ತು ನಾಯಕ



ಚಿತ್ರದುರ್ಗದಲ್ಲಿ ಮಾತಿಗೆ ನಿಂತವರು ಓಬವ್ವನನ್ನು ನೆನೆಯದೆ ಮುಂದಕ್ಕೆ ಹೋಗುವುದಿಲ್ಲ. ನಾನೂ ಅವಳಿಂದಲೇ ಹೊರಡುತ್ತೇನೆ. ನಾವೆಲ್ಲ ಅವಳ ಕೈಯಲ್ಲಿ ಒನಕೆ ಕಂಡು ಬೆಳೆದವರು. ಕಥೆ ಶುರುವಾಗುವಾಗ ಆ ಕೈಯಲ್ಲಿದ್ದದ್ದು ಕೊಡ. ಕಾವಲಿನ ಗಂಡ ಊಟಕ್ಕೆ ಬಂದಿದ್ದಾನೆ, ಮನೆಯಲ್ಲಿ ನೀರು ತೀರಿದೆ, ಅವಳು ಹೊಂಡದ ಕಡೆ ನಡೆದಿದ್ದಾಳೆ. ಕಿಂಡಿಯಾಚೆಯ ಸದ್ದು ಕಿವಿಗೆ ಬಿದ್ದದ್ದು ಆ ದಾರಿಯಲ್ಲಿ. ಹೈದರಾಲಿಯ ಸೈನ್ಯ ಕೋಟೆ ಸುತ್ತಿದ್ದ ದಿನಗಳಲ್ಲೂ ದುರ್ಗದ ಹೆಣ್ಣುಮಗಳಿಗೆ ನೀರಿನ ಚಿಂತೆ ತಪ್ಪಿರಲಿಲ್ಲ ಎಂಬುದನ್ನು ಈ ಕಥೆಯನ್ನು ಬಾಯಿಂದ ಬಾಯಿಗೆ ದಾಟಿಸಿದ ಜನ ಬಿಟ್ಟುಕೊಡಲಿಲ್ಲ.

ಕೋಟೆಯೊಳಗೆ ಆ ನೀರು ನಿಂತದ್ದಾದರೂ ಹೇಗೆ ಎಂಬುದನ್ನು ನೀವು ನೋಡಿಯೇ ಇದ್ದೀರಿ. ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಇಳಿಯುತ್ತದೆ. ಅದು ತುಂಬಿ ಹೆಚ್ಚಾದದ್ದು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಇನ್ನೂ ಕೆಳಗೆ, ಊರೊಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಗಳ ಕಡೆಗೆ. ಮೇಲಿನವನ ಕೊಡ ತುಂಬಿದ ಮೇಲೆ ಕೆಳಗಿನವನಿಗೆ ನೀರು ಇಳಿಯುವ ಏರ್ಪಾಡು ಅದು. ಕಟ್ಟಿಸಿದವರು ದುರ್ಗವನ್ನಾಳಿದ ನಾಯಕರು. ವರ್ಷ ವರ್ಷ ಹೂಳೆತ್ತಿ, ಪಾಚಿ ತೆಗೆದು, ಕಾಲುವೆಯ ಬಾಯಿ ಬಿಡಿಸಿದವರ ಹೆಸರು ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಇವತ್ತು ನಾನು ಮಾತಾಡಬೇಕೆಂದಿರುವುದು ಈ ಎರಡು ಬಗೆಯ ಜನರ ಬಗ್ಗೆ, ಅದರಲ್ಲೂ ಒಬ್ಬನೇ ಎರಡೂ ಆಗಬೇಕಾಗಿ ಬಂದಾಗ ಏನಾಗುತ್ತದೆ ಎಂಬುದರ ಬಗ್ಗೆ.

ನಾನು ಹೊಸದುರ್ಗ ತಾಲ್ಲೂಕಿನವನು. ನಮ್ಮೂರ ಕೆರೆಗೆ ನನ್ನ ಬಾಲ್ಯದಲ್ಲಿ ಒಬ್ಬ ನೀರುಗಂಟಿ ಇದ್ದ. ಹೆಗಲ ಮೇಲೆ ಸನಿಕೆ, ಕೈಯಲ್ಲಿ ಕೋಲು. ತೂಬು ಎತ್ತುವವನು ಅವನು, ಯಾವ ಮಡಿಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವವನೂ ಅವನೇ. ಅವನಿಗೆ ಸ್ವಂತ ಗದ್ದೆ ಇರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವನ ಪಾಲಿನ ಕಾಳು ಹೋಗುತ್ತಿತ್ತು. ಕೆರೆ ಅರ್ಧವೂ ತುಂಬದ ವರ್ಷ ನಮ್ಮೂರಲ್ಲಿ ಒಂದು ಕಟ್ಟುಪಾಡು: ಕೊನೆಯ ಮಡಿಗೆ ಮೊದಲು ನೀರು. ತೂಬಿನ ಬುಡದಲ್ಲಿದ್ದ ದೊಡ್ಡ ಗದ್ದೆಯ ಯಜಮಾನರು ಬದುವಿನ ಮೇಲೆ ನಿಂತು ನೋಡುತ್ತಿರುವಾಗಲೇ ಅವನು ಅವರ ಗದ್ದೆಯನ್ನು ದಾಟಿಸಿ ನೀರನ್ನು ಕೆಳಕ್ಕೆ ಒಯ್ಯುತ್ತಿದ್ದ. ಊರಿನ ಅತಿ ಬಡವರಲ್ಲಿ ಒಬ್ಬನಾದ ಅವನ ಕೋಲಿಗೆ ಆ ಅಧಿಕಾರ ಎಲ್ಲಿಂದ ಬಂತು ಎಂದು ನಾನು ಬಹಳ ವರ್ಷ ಯೋಚಿಸಿದ್ದೇನೆ. ನೀರಿನಲ್ಲಿ ಅವನಿಗೆ ಸ್ವಂತದ್ದೇನೂ ಇರಲಿಲ್ಲ ಎಂಬುದೇ ಅದರ ಮೂಲ ಎಂದು ಈಗ ಅನ್ನಿಸುತ್ತದೆ.

ಇಂದು ನೀರು, ಕರೆಂಟು, ಬಸ್ಸು, ಇವೆಲ್ಲ ನಿಗಮಗಳ ಕೈಯಲ್ಲಿವೆ. ನಿಗಮಗಳ ಮೇಲೆ ನಾವು ಆರಿಸಿ ಕಳಿಸಿದವರು ಕೂತಿದ್ದಾರೆ. ವಿದ್ಯುತ್ ಉತ್ಪಾದಿಸುವ ಕೆಪಿಸಿಯ ಆಡಳಿತ ಮಂಡಳಿಗೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಅಂದರೆ ನಾಯಕನ ಕೈಗೇ ನೀರುಗಂಟಿಯ ಕೋಲು ಬಂದಿದೆ. ಅವನಿಗೆ ಗದ್ದೆಯೂ ಉಂಟು. ಅದರ ಹೆಸರು ಕ್ಷೇತ್ರ.

ಇಂಥ ನಾಯಕನೊಬ್ಬನನ್ನು ನೋಡಲು ಹಿರಿಯೂರಿಗೆ ಹೋಗೋಣ. 1876ರಿಂದ 78ರವರೆಗಿನ ಧಾತು ಈಶ್ವರ ಬರ ಮೈಸೂರು ಸಂಸ್ಥಾನವನ್ನು ಹೇಗೆ ಬಳಿದುಕೊಂಡು ಹೋಯಿತೆಂದರೆ, 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ಕ್ಕೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಅದಾಗಿ ಎರಡು ವರ್ಷಕ್ಕೆ, 1883ರಲ್ಲಿ, ಕೆ. ಶೇಷಾದ್ರಿ ಅಯ್ಯರ್ ದಿವಾನರಾದರು. ದಿವಾನಗಿರಿ ಚುನಾಯಿತ ಹುದ್ದೆಯಲ್ಲ, ಒಪ್ಪುತ್ತೇನೆ. ಆದರೆ ರಾಜ್ಯದ ಬೊಕ್ಕಸ, ಕಾನೂನು, ಪ್ರಜಾಪ್ರತಿನಿಧಿ ಸಭೆಯ ಪ್ರಶ್ನೆಗಳು ಎಲ್ಲವನ್ನೂ ಎದುರಿಸಿದ ಮನುಷ್ಯನನ್ನು ರಾಜಕಾರಣಿ ಎನ್ನದೆ ಬೇರೇನೆಂದು ಕರೆಯಲಿ? ದಿವಾನರಾಗಿದ್ದ ಹದಿನೆಂಟು ವರ್ಷಗಳಲ್ಲಿ ಅವರು ರೈಲು ಹಾಕಿಸಿದರು, ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳವೆಯಲ್ಲಿ ನೀರು ತರಿಸಿದರು, ಶಿವನಸಮುದ್ರದಲ್ಲಿ ಜಲವಿದ್ಯುತ್ತಿಗೆ ಕೈಹಾಕಿದರು. ಅದೇ ಹೊತ್ತಿಗೆ ಹಿರಿಯೂರಿನ ಬಳಿ, ಎರಡು ಗುಡ್ಡಗಳ ನಡುವೆ ಕಣಿವೆ ಮಾರಮ್ಮನ ಗುಡಿಯ ಪಕ್ಕದಲ್ಲಿ, ವೇದಾವತಿಗೆ ಅಡ್ಡಗಟ್ಟೆ ಎದ್ದಿತು.

ಮಾರಿಕಣಿವೆಯ ಈ ಕಟ್ಟೆಯ ಕೆಲಸ ಶುರುವಾದದ್ದು 1897ರ ಸುಮಾರಿಗೆ, ಮುಗಿದದ್ದು 1907ಕ್ಕೆ. ಕೆಲಸ ಶುರುವಾದಾಗ ರೀಜೆಂಟ್ ಆಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದಿನಿಂದ ಅದಕ್ಕೆ ವಾಣಿವಿಲಾಸ ಸಾಗರ ಎಂಬ ಹೆಸರು. ಕಲ್ಲು ಮತ್ತು ಸುಣ್ಣದ ಗಾರೆಯ ಕಟ್ಟೆ. 30 ಟಿಎಂಸಿ ನೀರು ಹಿಡಿಯುವ ಈ ಜಲಾಶಯಕ್ಕೆ ಬಾಗಿಲುಗಳಿಲ್ಲ. ನೀರು 130 ಅಡಿಗೆ ಬಂದರೆ ತಾನಾಗಿ ಕೋಡಿಯಲ್ಲಿ ಹರಿಯಬೇಕು. ಶೇಷಾದ್ರಿ ಅಯ್ಯರ್ 1901ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ತಲುಪಿದ್ದು 1902ರ ಜೂನಿನಲ್ಲಿ, 92 ಮೈಲಿ ದೂರದ ತಂತಿಯ ಮೇಲೆ. ಅಷ್ಟು ಉದ್ದದ ವಿದ್ಯುತ್ ಮಾರ್ಗ ಆಗ ಲೋಕದಲ್ಲೇ ಅಪರೂಪ. ಒಂದೇ ಮನುಷ್ಯ ತನ್ನ ನಾಡಿಗೆ ಬೆಳಕನ್ನೂ ನೀರನ್ನೂ ಯೋಜಿಸಿದ, ಎರಡನ್ನೂ ಕಣ್ಣಾರೆ ಕಾಣಲಿಲ್ಲ.

ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ. ಕಟ್ಟೆ ಮುಗಿದ ವರ್ಷವೇ ಅದು ಕೋಡಿ ಬೀಳಲಿಲ್ಲ. ಮರುವರ್ಷವೂ ಇಲ್ಲ. ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ, ಇಪ್ಪತ್ತಾರು ವರ್ಷ ಕಾದ ಮೇಲೆ. ಎರಡನೆಯ ಸಲ 2022ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷ ಕಳೆದ ಮೇಲೆ. ನನ್ನ ತಾತ ಮೊದಲನೆಯದನ್ನು ನೋಡಿದ್ದ. ಅಪ್ಪ ಯಾವುದನ್ನೂ ನೋಡದೆ ಹೋದ. ನಾನು ಎರಡನೆಯದನ್ನು ನೋಡಿದೆ. ಕೋಡಿಯ ನೀರು ಬಂಡೆಗಳ ಮೇಲೆ ಬೆಳ್ಳಗೆ ಹಾಯುವಾಗ ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಕೈಮುಗಿದು ಅಳುತ್ತಿದ್ದಳು, ನನಗೂ ಕಣ್ಣು ತುಂಬಿತು. ಆ ಎಂಬತ್ತೊಂಬತ್ತು ವರ್ಷ ಕಟ್ಟೆ ಸುಮ್ಮನೆ ನಿಂತಿರಲಿಲ್ಲ. ಪೂರ್ತಿ ತುಂಬದಿದ್ದರೂ ಎಡ ಬಲ ನಾಲೆಗಳಲ್ಲಿ ಹಿರಿಯೂರಿನ ತೆಂಗು, ಅಡಿಕೆ, ಕಬ್ಬಿಗೆ ನೀರು ಹೋಗುತ್ತಲೇ ಇತ್ತು. ಈ ದುರ್ಗದ ನಲ್ಲಿಗೂ ಅಲ್ಲಿಂದ ಪೈಪು ಬಂತು. ಎಷ್ಟೋ ಬೇಸಗೆಗಳಲ್ಲಿ ನೀರು ತಳ ಹತ್ತುವಷ್ಟು ಇಳಿದಾಗ ಯಾವ ನಾಲೆಗೆ ಎಷ್ಟು ದಿನ ಎಂದು ಕೂತು ಲೆಕ್ಕ ಹಾಕಿದವರಿದ್ದಾರೆ. ತೂಬಿನ ಗೇರು ತುಕ್ಕು ಹಿಡಿಯದಂತೆ ಗ್ರೀಸು ಹಚ್ಚಿದವರಿದ್ದಾರೆ. ಬಾಗಿನ ಬಿಡುವ ಭಾಗ್ಯ ಅವರಾರಿಗೂ ಇರಲಿಲ್ಲ, ಏಕೆಂದರೆ ತುಂಬದ ಕೆರೆಗೆ ಬಾಗಿನವಿಲ್ಲ. ಎಂಬತ್ತೊಂಬತ್ತು ವರ್ಷ ಬಾಗಿನವಿಲ್ಲದೆ ನಡೆದ ಸೇವೆ ಅದು. ನನ್ನ ಮಟ್ಟಿಗೆ ಮಾರಿಕಣಿವೆಯ ದೊಡ್ಡ ಚರಿತ್ರೆ ಅಲ್ಲಿದೆ.

1933 ಎಂದೆ. ಅದೇ ವರ್ಷ ಅಮೆರಿಕದಲ್ಲಿ ರೂಸ್‌ವೆಲ್ಟ್ ಸರ್ಕಾರ ಟೆನೆಸ್ಸೀ ಕಣಿವೆ ಪ್ರಾಧಿಕಾರವನ್ನು ಹುಟ್ಟುಹಾಕಿತು. ನದಿಗೆ ಅಣೆಕಟ್ಟು, ಅಣೆಕಟ್ಟಿನಿಂದ ವಿದ್ಯುತ್ತು, ವಿದ್ಯುತ್ತು ಹಳ್ಳಿಗೆ. ಅದನ್ನು ಎದುರಿಸಿ ನಿಂತವರು ವೆಂಡೆಲ್ ವಿಲ್ಕಿ, ದೊಡ್ಡ ಖಾಸಗಿ ವಿದ್ಯುತ್ ಸಮೂಹವೊಂದರ ಅಧ್ಯಕ್ಷರು. ಕೊನೆಗೆ 1939ರಲ್ಲಿ ಟೆನೆಸ್ಸೀಯ ತಮ್ಮ ಕಂಪನಿಯನ್ನು ಪ್ರಾಧಿಕಾರಕ್ಕೆ ಮಾರಬೇಕಾಯಿತು, ಮರುವರ್ಷ ಅದೇ ರೂಸ್‌ವೆಲ್ಟ್ ವಿರುದ್ಧ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತರು. ಅದಕ್ಕೂ ಹಿಂದೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜೋಸೆಫ್ ಚೇಂಬರ್ಲೇನ್ ಎಂಬ ಮೇಯರ್ 1870ರ ದಶಕದಲ್ಲಿ ಖಾಸಗಿ ಗ್ಯಾಸ್ ಕಂಪನಿಗಳನ್ನೂ ನೀರಿನ ಕಂಪನಿಯನ್ನೂ ನಗರಸಭೆಗೆ ಕೊಂಡುಕೊಂಡರು. ಅವರು ಮೂಲತಃ ಸ್ಕ್ರೂ ತಯಾರಿಸುವ ಕಾರ್ಖಾನೆಯವರು. ಗ್ಯಾಸಿನಲ್ಲಿ ಲಾಭ ಬರಬೇಕು, ಆ ಲಾಭ ನಗರಕ್ಕೆ ಸಲ್ಲಬೇಕು, ನೀರಿನಲ್ಲಿ ಮಾತ್ರ ಲಾಭ ಹುಡುಕಬಾರದು ಎಂಬ ವ್ಯತ್ಯಾಸ ಅವರಿಗೆ ಸ್ಪಷ್ಟವಿತ್ತು. ಗ್ಯಾಸಿನ ಲೆಕ್ಕ, ನೀರಿನ ಲೆಕ್ಕ ಬೇರೆ ಬೇರೆ ಬರೆದಿಟ್ಟ ಆ ಮೇಯರನ್ನು ನಮ್ಮ ನಗರಸಭೆಗಳು ಓದಬೇಕು.

ಈಗ ನಮ್ಮವರೇ ಆದ ನಿಜಲಿಂಗಪ್ಪನವರು. ಹುಟ್ಟಿದ್ದು 1902ರಲ್ಲಿ, ಬಳ್ಳಾರಿ ಸೀಮೆಯ ಹಲುವಾಗಲಿನಲ್ಲಿ. ವಕೀಲಿಕೆ, ಸ್ವಾತಂತ್ರ್ಯ ಚಳವಳಿ, ಸಂಸಾರ, ಎಲ್ಲವೂ ಈ ಊರಿನಲ್ಲಿ. 2000ರ ಆಗಸ್ಟಿನಲ್ಲಿ ತೀರಿಕೊಂಡದ್ದೂ ಇಲ್ಲೇ, ಸ್ಮಾರಕ ಸೀಬಾರದ ಹತ್ತಿರ ಹೆದ್ದಾರಿ ಬದಿಯಲ್ಲಿದೆ. ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿ ಎಂದು ನಾವು ಅವರನ್ನು ನೆನೆಯುತ್ತೇವೆ. ಅವರ ಕಾಲದಲ್ಲಿ ಆದ ಇನ್ನೊಂದು ಕೆಲಸವನ್ನು ಯಾರೂ ಭಾಷಣದಲ್ಲಿ ಹೇಳುವುದಿಲ್ಲ. 1957ರ ಅಕ್ಟೋಬರ್ 1ರಂದು, ಅವರು ಮುಖ್ಯಮಂತ್ರಿಯಾಗಿದ್ದಾಗ, ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. ನಮ್ಮ ಹಳ್ಳಿಯವರ ಬಾಯಲ್ಲಿ ಇಂದಿಗೂ ಹೋಗದ ‘ಕೆಇಬಿ’ ಅದೇ. ಅಲ್ಲಿಯವರೆಗೆ ಸರ್ಕಾರದ ಒಂದು ಇಲಾಖೆಯಾಗಿದ್ದ ವಿದ್ಯುತ್ತು ಮಂಡಳಿಯ ಕೈಗೆ ಹೋಯಿತು. 1948ರ ವಿದ್ಯುತ್ ಸರಬರಾಜು ಕಾಯ್ದೆಯ ಆಶಯ ಸರಳವಾಗಿತ್ತು: ನೀತಿ ಯಾವುದು ಎಂದು ಸರ್ಕಾರ ಹೇಳಲಿ, ನಡೆಸುವುದನ್ನು ಮಂಡಳಿ ನೋಡಿಕೊಳ್ಳಲಿ, ಸಾಧ್ಯವಾದಷ್ಟು ನಷ್ಟವಾಗದಂತೆ ನಡೆಸಲಿ. ನಾಯಕನೂ ನೀರುಗಂಟಿಯೂ ಬೇರೆ ಬೇರೆ ಇರಲಿ ಎಂದು ಕಾಯ್ದೆಯೇ ಹೇಳಿದಂತೆ.

1957ರಲ್ಲಿ ನಿಜಲಿಂಗಪ್ಪನವರು ಗೆದ್ದದ್ದು ಮೊಳಕಾಲ್ಮುರಿನಿಂದ. 1962ರಲ್ಲಿ ಹೊಸದುರ್ಗದಿಂದ ನಿಂತರು. ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪನವರ ಎದುರು ಸೋತರು. ರಾಜ್ಯದಲ್ಲಿ ನಿಜಲಿಂಗಪ್ಪನವರ ಪಕ್ಷ ಗೆದ್ದಿತ್ತು, ನಾಯಕರು ಸೋತಿದ್ದರು. ಎಸ್.ಆರ್. ಕಂಠಿಯವರು ಮೂರು ತಿಂಗಳಿಗೆ ಸ್ವಲ್ಪ ಹೆಚ್ಚು ಕಾಲ ಮುಖ್ಯಮಂತ್ರಿಯಾಗಿದ್ದು ಜಾಗ ಕಾಯ್ದರು, ಬಾಗಲಕೋಟೆಯ ಬಿ.ಟಿ. ಮುರನಾಳರು ತಮ್ಮ ಸ್ಥಾನ ಬಿಟ್ಟುಕೊಟ್ಟರು, ನಿಜಲಿಂಗಪ್ಪ ಅಲ್ಲಿಂದ ಅವಿರೋಧವಾಗಿ ಗೆದ್ದು ಜೂನಿನಲ್ಲಿ ಮತ್ತೆ ಅಧಿಕಾರಕ್ಕೆ ಬಂದರು. ನಮ್ಮ ತಾಲ್ಲೂಕಿನಲ್ಲಿ ಈ ಸೋಲನ್ನು ನಾಚಿಕೆಯಿಂದ ನೆನೆಯುವವರಿದ್ದಾರೆ, ಹೆಮ್ಮೆಯಿಂದ ಹೇಳುವವರೂ ಇದ್ದಾರೆ. ನನಗೆ ಎರಡೂ ಇಲ್ಲ. ಶರಾವತಿ ಜಲವಿದ್ಯುತ್ ಯೋಜನೆಯ ಕೆಲಸ ಆಗ ಅರ್ಧ ದಾರಿಯಲ್ಲಿತ್ತು. ಅದರ ಮೊದಲ ಯಂತ್ರ ತಿರುಗಲು ಇನ್ನೂ ಎರಡು ವರ್ಷ ಬೇಕಿತ್ತು. ಲಿಂಗನಮಕ್ಕಿಯಲ್ಲಿ ಕಲ್ಲು ಕಟ್ಟುತ್ತಿರುವುದು ಹೊಸದುರ್ಗದ ರೈತನ ಹಿತ್ತಲಿಗೆ ಕಾಣುವುದಿಲ್ಲ. ಅವನಿಗೆ ಕಾಣುತ್ತಿದ್ದದ್ದು ತನ್ನ ಬಾವಿಯ ತಳ. ಅದನ್ನು ನೋಡಿಯೇ ಓಟು ಹಾಕಿದ್ದರೆ ಅವನು ತಪ್ಪು ಮಾಡಲಿಲ್ಲ. ಇಂಥ ಕೆಲಸಗಳ ಸಂಕಟವೇ ಅದು. ಅವುಗಳ ವಯಸ್ಸು ಐವತ್ತು ವರ್ಷ, ಓಟಿನ ವಯಸ್ಸು ಐದು ವರ್ಷ.

1964ರಲ್ಲಿ ಶರಾವತಿಯ ಮೊದಲ ಘಟಕ ತಿರುಗಿತು. 1965ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಯೋಜನೆಯನ್ನು ನಾಡಿಗೆ ಒಪ್ಪಿಸಿದಾಗ ಮುಖ್ಯಮಂತ್ರಿ ನಿಜಲಿಂಗಪ್ಪನವರು. ಮುಂದೆ ಹತ್ತು ಯಂತ್ರಗಳಾಗಿ ಇಂದು 1035 ಮೆಗಾವಾಟ್ ಸಾಮರ್ಥ್ಯದ ಕೇಂದ್ರ ಅದು. ನಮ್ಮ ಬಯಲುಸೀಮೆಯ ಬಾವಿಗಳಲ್ಲಿ ಏತ, ಕಪಿಲೆ ನಿಂತು ಮೋಟಾರು ಗುನುಗಲು ಶುರುವಾದ ದಶಕಗಳಲ್ಲಿ ಆ ಮೋಟಾರುಗಳನ್ನು ತಿರುಗಿಸಿದ್ದರಲ್ಲಿ ಶರಾವತಿಯ ಪಾಲು ದೊಡ್ಡದು. ಇದನ್ನು ಹೇಳಿದ ಬಾಯಲ್ಲೇ ಇನ್ನೊಂದನ್ನು ಹೇಳದಿದ್ದರೆ ನಾನು ಅನ್ಯಾಯ ಮಾಡಿದಂತೆ. ಆ ಬೆಳಕಿಗಾಗಿ ಮಲೆನಾಡಿನ ಎಷ್ಟೋ ಹಳ್ಳಿಗಳು ನೀರಿನಡಿ ಹೋದವು. ಮುಳುಗಡೆಯ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಶಿವಮೊಗ್ಗದಲ್ಲಿ ಹಕ್ಕುಪತ್ರಕ್ಕಾಗಿ ಧರಣಿ ಕೂರುತ್ತಾರೆ. ದುರ್ಗದ ಒಬ್ಬ ವಕೀಲರ ಆಡಳಿತದಲ್ಲಿ ದುರ್ಗದ ಬಾವಿಗೆ ಬಂದ ಕರೆಂಟು ಸಾಗರ ತಾಲ್ಲೂಕಿನ ಯಾರದೋ ಮನೆಯ ಮೇಲಿಂದ ಹಾದು ಬಂದಿದೆ. ಕಟ್ಟೆ ಕಟ್ಟಿದ ಸರ್ಕಾರಗಳು ಆ ಸಾಲವನ್ನು ಅರವತ್ತು ವರ್ಷವಾದರೂ ತೀರಿಸಿಲ್ಲ. ನಿಜಲಿಂಗಪ್ಪನವರ ಮೇಲೆ ನನಗಿರುವ ಗೌರವ ಈ ಮಾತನ್ನು ನುಂಗಿಕೊಳ್ಳುವಂಥದ್ದಲ್ಲ.

ಅವರ ನಂತರ ರಾಜಕಾರಣದ ಭಾಷೆ ಬದಲಾಯಿತು. ಕಟ್ಟಿಸಿದೆ ಎನ್ನುತ್ತಿದ್ದವರು ಕೊಟ್ಟೆ ಎನ್ನತೊಡಗಿದರು. ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತವಾಯಿತು. ನಡುವೆ ದರ ಬಂದು ಹೋಗಿ, 2008ರಲ್ಲಿ ಮತ್ತೆ ಉಚಿತವಾಯಿತು. 2023ರಲ್ಲಿ ಮನೆಗಳಿಗೆ 200 ಯೂನಿಟ್‌ವರೆಗೆ ಉಚಿತ ಕರೆಂಟಿನ ಗೃಹಜ್ಯೋತಿ, ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದವು. ಇವನ್ನು ಬಿಟ್ಟಿ ಎಂದು ಹೀಗಳೆಯುವವರ ಸಾಲಿನಲ್ಲಿ ನಾನಿಲ್ಲ. ನನ್ನ ಊರಿನಲ್ಲಿ ಆರು ನೂರು ಅಡಿ ಕೊರೆಸಿದ ಕೊಳವೆಬಾವಿಗಳು ಒಣಗಿ ಸಾಲ ಮಾಡಿದವರು ಇದ್ದಾರೆ. ಉಚಿತ ಕರೆಂಟು ಇಲ್ಲದಿದ್ದರೆ ಅವರು ಎಂದೋ ಬೆಂಗಳೂರಿನ ಕಟ್ಟಡಗಳಿಗೆ ಕೂಲಿ ಹೋಗುತ್ತಿದ್ದರು. ಹೊಳಲ್ಕೆರೆಯಿಂದ ದುರ್ಗದ ಜಿಲ್ಲಾ ಆಸ್ಪತ್ರೆಗೆ ಮಗುವನ್ನು ಎತ್ತಿಕೊಂಡು ಗಂಡನ ಜೇಬು ಕೇಳದೆ ಹೊರಟ ತಾಯಿಯನ್ನು ನಾನು ಬಸ್ಸಿನಲ್ಲಿ ಮಾತಾಡಿಸಿದ್ದೇನೆ.

ನನ್ನ ಆತಂಕ ಬೇರೆ ಕಡೆ ಇದೆ. 2003ರ ವಿದ್ಯುತ್ ಕಾಯ್ದೆಯ 65ನೇ ಕಲಂ ಒಂದು ಮಾತು ಹೇಳುತ್ತದೆ. ವಿದ್ಯುತ್ ನಿಯಂತ್ರಣ ಆಯೋಗ ಗೊತ್ತುಮಾಡಿದ ದರದಲ್ಲಿ ಯಾರಿಗಾದರೂ ರಿಯಾಯಿತಿ ಕೊಡಬೇಕೆಂದು ಸರ್ಕಾರಕ್ಕೆ ಅನ್ನಿಸಿದರೆ ಆ ಹಣವನ್ನು ಕರೆಂಟು ಹಂಚುವ ಕಂಪನಿಗೆ ಮುಂಗಡವಾಗಿ ಕಟ್ಟಬೇಕು. ಮುಂಗಡವಾಗಿ ಎಂಬ ಪದವನ್ನು ಗಮನಿಸಿ. ಕೊಡುವ ಕೈ ನಡೆಸುವ ಕೈಗೆ ಸಾಲ ಹೇಳಬಾರದು ಎಂದು ಅದರ ಅರ್ಥ. ಆದರೆ ಬೆಸ್ಕಾಂ ಆಗಲಿ, ಉಳಿದ ಕಂಪನಿಗಳಾಗಲಿ, ಸಾರಿಗೆ ನಿಗಮಗಳಾಗಲಿ, ಸರ್ಕಾರದಿಂದ ಬರಬೇಕಾದ ಬಾಕಿಯ ಮಾತು ಎತ್ತದ ವರ್ಷವಿಲ್ಲ. ಬಾಕಿ ಉಳಿದದ್ದು ಕೊನೆಗೆ ಯಾರ ಮೇಲೆ ಬೀಳುತ್ತದೆ? ಟ್ರಾನ್ಸ್‌ಫಾರ್ಮರ್ ಸುಟ್ಟರೆ ಹದಿನೈದು ದಿನ ಕಾಯುವ ರೈತನ ಮೇಲೆ. ಖಾಲಿ ಹುದ್ದೆ ತುಂಬದೆ ನಾಲ್ಕು ಜನರ ಕೆಲಸ ಒಬ್ಬನೇ ಮಾಡುವ ಲೈನ್‌ಮನ್ ಮೇಲೆ. ನಡುರಾತ್ರಿ ತ್ರೀ ಫೇಸ್ ಬಂತೆಂದು ಟಾರ್ಚು ಹಿಡಿದು ಹಾವು ಚೇಳಿನ ತೋಟಕ್ಕೆ ಓಡುವವನ ಮೇಲೆ. ಕೊಟ್ಟವನ ಹೆಸರು ಫ್ಲೆಕ್ಸಿನ ಮೇಲೆ ಇದೆ. ನಡೆಸಲಾಗದ್ದಕ್ಕೆ ಹೊಣೆ ಹೊತ್ತವನ ಹೆಸರು ಎಲ್ಲಿಯೂ ಇಲ್ಲ.

   

ಬಸ್ಸಿನ ಮಾತು ಬಂತು. 1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳಿಂದ ಮೈಸೂರು ಸರ್ಕಾರದ ಸಾರಿಗೆ ಶುರುವಾಯಿತು, 1961ರ ಆಗಸ್ಟಿನಲ್ಲಿ ಅದು ನಿಗಮವಾಯಿತು. 2020ರಲ್ಲಿ ಹೊಳಲ್ಕೆರೆಯ ಶಾಸಕ ಎಂ. ಚಂದ್ರಪ್ಪನವರು ಕೆಎಸ್‌ಆರ್‌ಟಿಸಿಯ ಅಧ್ಯಕ್ಷರಾದರು. ನಮ್ಮ ಜಿಲ್ಲೆಯವರು ಅಂಥ ಹುದ್ದೆಗೆ ಹೋದಾಗ ಸಂತೋಷಪಡುವುದು ಸಹಜ. ಆದರೆ ಕಾಲ ನೋಡಿ: ಕೋವಿಡ್‌ನಲ್ಲಿ ಬಸ್ಸು ನಿಂತು ಆದಾಯ ಕುಸಿದಿತ್ತು. 2021ರ ಏಪ್ರಿಲ್ 7ರಿಂದ ಆರನೆಯ ವೇತನ ಆಯೋಗದ ಸಂಬಳ ಬೇಕೆಂದು ನೌಕರರು ಮುಷ್ಕರಕ್ಕೆ ಇಳಿದು ಎರಡು ವಾರ ಡಿಪೋಗಳು ಬಿಕೋ ಎಂದವು. ನಿಗಮದ ಅಧ್ಯಕ್ಷ ಗಾದಿ ಎಂದರೆ ಏನು ಎಂದು ನಾವು ಆಗಲಾದರೂ ಯೋಚಿಸಬೇಕಿತ್ತು. ದಿನನಿತ್ಯದ ಆಡಳಿತ ಐಎಎಸ್ ಅಧಿಕಾರಿಯಾದ ವ್ಯವಸ್ಥಾಪಕ ನಿರ್ದೇಶಕರದು, ದರವೂ ಸಂಬಳವೂ ಸರ್ಕಾರದ ತೀರ್ಮಾನ. ಅಧ್ಯಕ್ಷರಿಗೆ ಕಾರು, ಕೊಠಡಿ, ಸ್ಥಾನಮಾನ ಇರುತ್ತದೆ. ಮಂತ್ರಿ ಸ್ಥಾನ ಸಿಗದವರಿಗೆ ನಿಗಮ ಮಂಡಳಿ ಎಂದು ಪತ್ರಿಕೆಗಳು ಪ್ರತಿ ಸರ್ಕಾರದಲ್ಲೂ, ಯಾವ ಪಕ್ಷವಾದರೂ, ಒಂದೇ ತಲೆಬರಹ ಹಾಕುತ್ತವೆ. ನಾನು ಯಾವ ವ್ಯಕ್ತಿಯನ್ನೂ ಇಲ್ಲಿ ದೂರುತ್ತಿಲ್ಲ. ನೀರುಗಂಟಿಯ ಹುದ್ದೆಯನ್ನು ಸಮಾಧಾನದ ಬಹುಮಾನವಾಗಿ ಹಂಚುವ ಪದ್ಧತಿಯನ್ನು ದೂರುತ್ತಿದ್ದೇನೆ. ಕೋಲು ಕೊಟ್ಟು ತೂಬಿನ ಕೀಲಿ ಕೊಡದಿದ್ದರೆ ಆ ಮನುಷ್ಯನನ್ನೂ ನಾವು ಅವಮಾನಿಸಿದಂತೆ, ಕೆರೆಯನ್ನೂ.

ಈಗ ಹೇಳಲು ಕಷ್ಟವಾದ ಮಾತು. 2023ರ ಆಗಸ್ಟಿನ ಮೊದಲ ದಿನಗಳು. ಇದೇ ನಗರದ ಕವಾಡಿಗರಹಟ್ಟಿಯಲ್ಲಿ ನಲ್ಲಿಯ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಕೆಲವರು ಬದುಕಿ ಉಳಿಯಲಿಲ್ಲ. ಹೆಚ್ಚಾಗಿ ದಲಿತರು ವಾಸಿಸುವ ಬಡಾವಣೆ. ಇಲ್ಲಿಂದ ಆಟೋದಲ್ಲಿ ಹೋಗಿ ಬರುವಷ್ಟು ದೂರ. ಮಂತ್ರಿಗಳು ಬಂದರು, ಪರಿಹಾರ ಘೋಷಣೆಯಾಯಿತು, ಅಧಿಕಾರಿಗಳು ಅಮಾನತಾದರು. ಶಾಂತಿಸಾಗರದಿಂದ, ವಾಣಿವಿಲಾಸದಿಂದ ಈ ಊರಿಗೆ ನೀರು ತರಲು ಎಷ್ಟು ಜನ ಎಷ್ಟು ಕೋಟಿ ಮಂಜೂರು ಮಾಡಿಸಿದರು ಎಂದು ನಾವು ಕಲ್ಲಿನ ಮೇಲೆ ಕೆತ್ತಿಸಿದ್ದೇವೆ. ಹತ್ತಾರು ಕಿಲೋಮೀಟರ್ ಶುದ್ಧವಾಗಿ ಬಂದ ನೀರು ಬಾಗಿಲಿಗೆ ಬರುವ ಕೊನೆಯ ಗಳಿಗೆಯಲ್ಲಿ ಕೆಟ್ಟರೆ, ಆ ಕೊನೆಯ ಗಳಿಗೆಯನ್ನು ಕಾಯುವುದು ಯಾರ ಕೆಲಸ? ಟ್ಯಾಂಕ್ ತೊಳೆಯುವುದು, ಕ್ಲೋರಿನ್ ನೋಡುವುದು, ಸೋರುವ ಪೈಪು ಚರಂಡಿಗೆ ತಾಕದಂತೆ ಬದಲಿಸುವುದು, ವಾರಕ್ಕೊಮ್ಮೆ ನೀರು ಪರೀಕ್ಷಿಸುವುದು. ಇವಕ್ಕೆ ಉದ್ಘಾಟನೆ ಇಲ್ಲ, ರಿಬ್ಬನ್ ಇಲ್ಲ. ಓಬವ್ವನ ಊರಿನಲ್ಲಿ ಕೊಡ ಹಿಡಿದು ನಲ್ಲಿಗೆ ಹೋದ ಹೆಣ್ಣುಮಕ್ಕಳು ಮನೆಗೆ ಕಾಯಿಲೆ ಹೊತ್ತು ತಂದರು. ನಾನು ಆ ಬೀದಿಗೆ ಹೋಗಿದ್ದೆ. ಅಲ್ಲಿ ಏನು ಮಾತಾಡಬೇಕೆಂದು ತಿಳಿಯದೆ ವಾಪಸು ಬಂದೆ. ಇವತ್ತಿನ ಈ ಉಪನ್ಯಾಸ ಅಲ್ಲಿ ಆಡಲಾಗದ ಮಾತು ಎಂದು ತಿಳಿಯಿರಿ.

ಭದ್ರಾ ಮೇಲ್ದಂಡೆ ಯೋಜನೆಯ ಬಗ್ಗೆ ಹೇಳದೆ ಈ ಜಿಲ್ಲೆಯಲ್ಲಿ ನೀರಿನ ಮಾತು ಮುಗಿಯದು. ತುಂಗೆಯಿಂದ ಭದ್ರೆಗೆ, ಭದ್ರೆಯಿಂದ ನಮಗೆ, ಒಟ್ಟು 29.9 ಟಿಎಂಸಿ. ಹನಿ ನೀರಾವರಿಯಲ್ಲಿ ಎರಡೂಕಾಲು ಲಕ್ಷ ಹೆಕ್ಟೇರು. 2023ರ ಫೆಬ್ರವರಿ 1ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾದಾಗ ನಾವು ಪಟಾಕಿ ಹಚ್ಚಿದೆವು. ಆ ಹಣಕ್ಕಾಗಿ ಪತ್ರ ಬರೆಯುವುದು, ಎದುರು ಪತ್ರ ಬರೆಯುವುದು ಆಮೇಲೆ ಶುರುವಾಯಿತು. ಈ ನಡುವೆ ಶಾಂತಿಪುರ, ಬೆಟ್ಟದತಾವರೆಕೆರೆಯ ಪಂಪುಗಳು ಭದ್ರೆಯ ನೀರನ್ನು ಎತ್ತಿ ವೇದಾವತಿಗೆ ಬಿಟ್ಟವು. 2025ರ ಜನವರಿಯಲ್ಲಿ ಮಾರಿಕಣಿವೆ ಮೂರನೆಯ ಬಾರಿ ಕೋಡಿ ಬಿದ್ದದ್ದರಲ್ಲಿ ಮಳೆಯ ಜೊತೆಗೆ ಆ ಪಂಪುಗಳ ಪಾಲೂ ಇದೆ. ಶೇಷಾದ್ರಿ ಅಯ್ಯರ್ ಬೇರೆ ಬೇರೆ ಕಡೆ ಯೋಜಿಸಿದ ಎರಡು ಕೆಲಸ, ಶಿವನಸಮುದ್ರದ ಕರೆಂಟು ಮತ್ತು ಮಾರಿಕಣಿವೆಯ ನೀರು, ನೂರಿಪ್ಪತ್ತು ವರ್ಷದ ಮೇಲೆ ಒಂದಾದವು. ಇನ್ನು ಮುಂದೆ ಕಣಿವೆ ತುಂಬುವುದು ಮೋಡವನ್ನಷ್ಟೇ ನಂಬಿಲ್ಲ. ಪಂಪಿನ ಕರೆಂಟು ಬಿಲ್ಲನ್ನು ಯಾರು, ಯಾವ ತಿಂಗಳು ಕಟ್ಟುತ್ತಾರೆ ಎಂಬುದನ್ನೂ ನಂಬಿದೆ. ಬಾಗಿನ ಬಿಟ್ಟವರಲ್ಲಿ ಯಾರಾದರೂ ಆ ಬಿಲ್ಲಿನ ಬಗ್ಗೆ ಮಾತಾಡಿದ್ದರೆ ನಾನು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೆ.

ಕೋಡಿಯ ಇನ್ನೊಂದು ಮುಖ ನಮ್ಮ ತಾಲ್ಲೂಕಿನಲ್ಲಿದೆ. ಹಿರಿಯೂರಿನಲ್ಲಿ ನೀರು ಕೋಡಿ ಬಿದ್ದಾಗ ಅದರ ಹಿನ್ನೀರು ಹೊಸದುರ್ಗದ ಕಡೆ ಹಿಂದಕ್ಕೆ ಒತ್ತುತ್ತದೆ. 2022ರಲ್ಲಿ ಅದು ತೋಟಗಳಿಗೆ, ದಾರಿಗಳಿಗೆ, ಮನೆಗಳ ಹತ್ತಿರಕ್ಕೆ ಬಂತು. ಎಂಬತ್ತೊಂಬತ್ತು ವರ್ಷ ತುಂಬದ ಕೆರೆಯ ಅಂಚಿನಲ್ಲಿ ಮೂರು ತಲೆಮಾರು ಅಡಿಕೆ, ತೆಂಗು ನೆಟ್ಟುಕೊಂಡಿದ್ದವರಿಗೆ ತುಂಬಿದ ಕೆರೆ ಎಲ್ಲಿಯವರೆಗೆ ಬರುತ್ತದೆ ಎಂದು ಯಾರೂ ಗುರುತು ಹಾಕಿ ತೋರಿಸಿರಲಿಲ್ಲ. ಒಂದು ದಿಕ್ಕಿನಲ್ಲಿ ಬಾಗಿನ, ಇನ್ನೊಂದು ದಿಕ್ಕಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತ ಅಡಿಕೆ ಮರ. ಎರಡು ತಾಲ್ಲೂಕು, ಇಬ್ಬರು ಶಾಸಕರು, ಒಂದೇ ಕೆರೆ. ಇಂಥ ಕಡೆ ಕ್ಷೇತ್ರ ಇರುವ ನಾಯಕ ಎರಡೂ ದಡಗಳ ನೀರುಗಂಟಿಯಾಗಲು ಬಹಳ ಕಷ್ಟಪಡಬೇಕು. ಆಗಲಾರ ಎಂದು ನಾನು ಹೇಳುವುದಿಲ್ಲ. ಆಗಬೇಕಾದರೆ ಜಲಾಶಯದ ಪೂರ್ಣ ಮಟ್ಟವನ್ನು ಹಿನ್ನೀರಿನ ಪ್ರತಿ ಹಳ್ಳಿಯಲ್ಲೂ ಕಲ್ಲು ನೆಟ್ಟು ತೋರಿಸಲಿ. ಮುಳುಗಿದ ಪ್ರತಿ ಗುಂಟೆಯ ಲೆಕ್ಕ ಬರೆಯಲಿ. ವರ್ಷಕ್ಕೊಮ್ಮೆ ಎರಡೂ ತಾಲ್ಲೂಕಿನ ರೈತರನ್ನು ಒಂದೇ ಕಡೆ ಕೂರಿಸಿ, ಎಷ್ಟು ಅಡಿ ನೀರಿದೆ, ಎಷ್ಟು ದಿನ ನಾಲೆಗೆ, ಎಷ್ಟು ಕುಡಿಯಲು, ಪಂಪಿಗೆ ಎಷ್ಟು ಖರ್ಚಾಯಿತು ಎಂದು ಓದಿ ಹೇಳಲಿ. ಕೆರೆ ತುಂಬದ ವರ್ಷವೂ ಓದಲಿ. ತುಂಬದ ವರ್ಷವೇ ಹೆಚ್ಚು ಗಟ್ಟಿಯಾಗಿ ಓದಲಿ.

ನನಗೆ ಕೊಟ್ಟ ವೇಳೆ ಮುಗಿದಿದೆ. ಸಂಘಟಕರು ಪ್ರಶ್ನೋತ್ತರಕ್ಕೆ ಅರ್ಧ ಗಂಟೆ ಇಟ್ಟಿದ್ದಾರೆ. ಸಭಾಧ್ಯಕ್ಷರ ಅಪ್ಪಣೆಯಿದ್ದರೆ ಒಂದು ಕೋರಿಕೆ: ಕವಾಡಿಗರಹಟ್ಟಿಯಿಂದ, ಹಿನ್ನೀರಿನ ಹಳ್ಳಿಗಳಿಂದ ಯಾರಾದರೂ ಬಂದಿದ್ದರೆ ಮೈಕು ಮೊದಲು ಅವರ ಕೈಗೆ ಹೋಗಲಿ. ಹಿಂದಿನ ಸಾಲಿನಲ್ಲಿ ನಿಂತಿದ್ದರೂ ಸರಿ.